ಓಟವೋ, ಮೆರವಣಿಗೆಯೋ?

ಫಾರ್ಮುಲಾ ಒನ್ ಮೋಟಾರು ರೇಸುಗಳಲ್ಲಿ ಯುರೋಪಿನಲ್ಲಿ ನಡೆಯುವ ಬಹುಪಾಲು ಸ್ಪರ್ಧೆಗಳು ಭಾರತದ ಗಡಿಯಾರದಲ್ಲಿ ಭಾನುವಾರ ಸಂಜೆ ಆರೂವರೆಗೆ ಶುರುವಾಗುತ್ತವೆ. ಓದುವ ಮಕ್ಕಳಿರುವ ಮನೆಗಳಲ್ಲಿ ಇದು ಅಷ್ಟೇನೂ ಶುಭ ಮುಹೂರ್ತವಲ್ಲ. ಸೋಮವಾರದ ಕಿರುಪರೀಕ್ಷೆ, ಮುಗಿಯದ ಹೋಂವರ್ಕು, ಇಸ್ತ್ರಿ ಕಾಣದ ಸಮವಸ್ತ್ರ ಎಲ್ಲವೂ ಸರಿಯಾಗಿ ಅದೇ ಹೊತ್ತಿಗೆ ನೆನಪಾಗುತ್ತವೆ. ಅದನ್ನೆಲ್ಲ ಬದಿಗೊತ್ತಿ ಒಂದೂವರೆ ಗಂಟೆ ಕಾರುಗಳು ಸುತ್ತುವುದನ್ನು ನೋಡುತ್ತ ಕೂರುವ ಮನೆಗಳಲ್ಲಿ ಇತ್ತೀಚೆಗೆ ಒಂದು ವಾದ ತಪ್ಪದೆ ಕೇಳಿಬರುತ್ತದೆ. 1990ರ ದಶಕದಲ್ಲಿ ಕೇಬಲ್ ಟಿ.ವಿ. ಮನೆಮನೆಗೆ ಬಂದಾಗ ಅಯರ್ಟನ್ ಸೆನ್ನಾ, ಮೈಕೆಲ್ ಶುಮಾಕರ್ ಅವರನ್ನು ನೋಡಿ ಬೆಳೆದ ಅಪ್ಪ ಹೇಳುವುದು: ‘ಈಗಿನದು ರೇಸೇ ಅಲ್ಲ, ಮೆರವಣಿಗೆ. ಮುಂದಿದ್ದವನು ಮುಂದೆ, ಹಿಂದಿದ್ದವನು ಹಿಂದೆ.’ ಎಂಜಿನಿಯರಿಂಗ್ ಓದುವ ಮಗಳು ಕೊಡುವ ಉತ್ತರ: ‘ಅಪ್ಪ, ನೀವು ಕಾರನ್ನು ಮಾತ್ರ ನೋಡ್ತೀರಿ, ರೇಸನ್ನು ನೋಡೋದಿಲ್ಲ.’

ಇಬ್ಬರ ಮಾತಿನಲ್ಲೂ ಹುರುಳಿದೆ. ಎಷ್ಟೆಷ್ಟು ಇದೆ ಎಂಬುದನ್ನು ಸ್ವಲ್ಪ ತಾಳ್ಮೆಯಿಂದ ಅಳೆದು ನೋಡಬೇಕು.

ಮೊದಲು ಅಪ್ಪನ ದೂರು. ಅದಕ್ಕೆ ಸಾಕ್ಷ್ಯ ಬೇಕಾದಷ್ಟಿದೆ. 2002ರಲ್ಲಿ ಶುಮಾಕರ್ ವಿಶ್ವ ಚಾಂಪಿಯನ್ ಆದದ್ದು ಜುಲೈ ತಿಂಗಳಲ್ಲಿ. ಇನ್ನೂ ಆರು ರೇಸುಗಳು ಬಾಕಿ ಇದ್ದವು! 2014ರಿಂದ 2021ರವರೆಗೆ ಸತತ ಎಂಟು ವರ್ಷ ತಂಡಗಳ ಪ್ರಶಸ್ತಿ ಮರ್ಸಿಡಿಸ್ ಪಾಲಾಯಿತು. 2023ರಲ್ಲಿ ನಡೆದ 22 ರೇಸುಗಳಲ್ಲಿ ರೆಡ್‌ಬುಲ್ ತಂಡ 21 ಗೆದ್ದಿತು. ಮ್ಯಾಕ್ಸ್ ವರ್ಸ್ಟಾಪೆನ್ ಒಬ್ಬನೇ 19 ಗೆದ್ದ. ಇಷ್ಟೂ ಸಾಲದೆಂಬಂತೆ 2024ರ ಮೊನಾಕೊ ರೇಸಿನಲ್ಲಿ ಮೊದಲ ಹತ್ತು ಸ್ಥಾನದಲ್ಲಿ ಹೊರಟವರು ಅದೇ ಕ್ರಮದಲ್ಲಿ ಬಂದು ಗುರಿ ಮುಟ್ಟಿದರು. ವಿಶ್ವ ಚಾಂಪಿಯನ್‌ಷಿಪ್ 1950ರಲ್ಲಿ ಆರಂಭವಾದ ಮೇಲೆ ಹೀಗಾದದ್ದು ಅದೇ ಮೊದಲು. 78 ಸುತ್ತು ತಿರುಗಿ ಬಂದರೂ ಹತ್ತು ಮಂದಿಯಲ್ಲಿ ಒಬ್ಬನ ಜಾಗವೂ ಬದಲಾಗಲಿಲ್ಲವೆಂದರೆ ಅದನ್ನು ಮೆರವಣಿಗೆ ಎನ್ನದೆ ಇನ್ನೇನೆನ್ನಬೇಕು? ವಾಲಗವೊಂದು ಇರಲಿಲ್ಲ, ಅಷ್ಟೆ.

ಹೀಗೇಕಾಗುತ್ತದೆ ಎಂಬುದಕ್ಕೆ ವಿಜ್ಞಾನದ ಪಾಠವೊಂದಿದೆ. ವಿಮಾನದ ರೆಕ್ಕೆ ಗಾಳಿಯ ಬಲದಿಂದ ವಿಮಾನವನ್ನು ಮೇಲಕ್ಕೆತ್ತುತ್ತದೆ. ಅದೇ ರೆಕ್ಕೆಯನ್ನು ಬೋರಲು ಹಾಕಿ ಕಾರಿಗೆ ಜೋಡಿಸಿದರೆ ಅದು ಕಾರನ್ನು ನೆಲಕ್ಕೆ ಒತ್ತುತ್ತದೆ. ಒತ್ತಡ ಹೆಚ್ಚಿದಷ್ಟೂ ಟೈರು ರಸ್ತೆಯನ್ನು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ತಿರುವಿನಲ್ಲಿ ವೇಗವನ್ನು ಅಷ್ಟಾಗಿ ತಗ್ಗಿಸಬೇಕಾಗಿಲ್ಲ. ತೊಡಕು ಇರುವುದು ಇಲ್ಲೇ. ಮುಂದಿನ ಕಾರು ತನ್ನ ರೆಕ್ಕೆಗಳಿಂದ ಗಾಳಿಯನ್ನು ಸೀಳಿ, ಕಲಕಿ ಹಿಂದಕ್ಕೆ ಬಿಡುತ್ತದೆ. ಹಿಂದಿನಿಂದ ಬರುವವನಿಗೆ ಸಿಗುವುದು ಆ ಕದಡಿದ ಗಾಳಿ. ಅವನ ರೆಕ್ಕೆಗಳಿಗೆ ಅದರಿಂದ ಬಲ ಹುಟ್ಟುವುದಿಲ್ಲ. ಕಾರು ಜಾರತೊಡಗುತ್ತದೆ, ಟೈರು ಕಾದು ಸವೆಯುತ್ತದೆ. ಹತ್ತಿರ ಹೋದಷ್ಟೂ ಶಕ್ತಿ ಕುಂದುವ ವಿಚಿತ್ರ ಶಾಪ ಅದು. 2021ರವರೆಗಿನ ಕಾರು ಎದುರಾಳಿಗೆ ಇಪ್ಪತ್ತು ಮೀಟರು ಹತ್ತಿರ ಬಂದಾಗ ನೆಲಕ್ಕೊತ್ತುವ ಬಲದಲ್ಲಿ ಸುಮಾರು ಮೂರನೇ ಒಂದು ಪಾಲು ಕಳೆದುಕೊಳ್ಳುತ್ತಿತ್ತು ಎಂಬುದು ಫಾರ್ಮುಲಾ ಒನ್‌ನವರೇ ಕೊಟ್ಟ ಲೆಕ್ಕ. 2022ರಲ್ಲಿ ಬಲವನ್ನು ಕಾರಿನ ತಳದಿಂದ ಪಡೆಯುವಂತೆ ವಿನ್ಯಾಸ ಬದಲಿಸಿದಾಗ ಈ ನಷ್ಟ ಬಹಳ ಇಳಿಯಿತು. ಆದರೆ ತಂಡಗಳ ಎಂಜಿನಿಯರುಗಳು ಸುಮ್ಮನಿರುವವರಲ್ಲ. ಹೊಸ ನಿಯಮದ ಸಂದುಗೊಂದುಗಳನ್ನು ಹುಡುಕುತ್ತ ಹೋದಂತೆ ಹಳೆಯ ಕಾಯಿಲೆ ಮೆಲ್ಲಗೆ ಮರಳಿತು.

ಕಾರುಗಳ ಗಾತ್ರವೂ ಬೆಳೆಯಿತು. 1995ರಲ್ಲಿ ಚಾಲಕನೂ ಸೇರಿ ಕಾರಿನ ಕನಿಷ್ಠ ತೂಕ 595 ಕಿಲೊ ಇತ್ತು. 2025ರಲ್ಲಿ ಅದು 800 ಕಿಲೊ. ಅಗಲ ಎರಡು ಮೀಟರು, ಉದ್ದ ಐದೂವರೆ ಮೀಟರಿನ ಆಸುಪಾಸು. ಮೊನಾಕೊದ ಬೀದಿಗಳು ಮಾತ್ರ ಇದ್ದಷ್ಟೇ ಇವೆ. ಹಳೇ ಪೇಟೆಯ ಓಣಿಯಲ್ಲಿ ಒಂದು ಲಾರಿ ಇನ್ನೊಂದು ಲಾರಿಯನ್ನು ಹಿಂದೆ ಹಾಕಬೇಕೆಂದರೆ ಹೇಗೋ ಹಾಗೆ.

ಇಲ್ಲಿಯವರೆಗೆ ಅಪ್ಪನದೇ ಗೆಲುವು. ಆದರೆ ಅಷ್ಟಕ್ಕೇ ಕಡತ ಮುಚ್ಚುವಂತಿಲ್ಲ. ‘ಆ ಕಾಲದಲ್ಲಿ ಹೀಗಿರಲಿಲ್ಲ’ ಎಂಬ ಮಾತಿನ ಎರಡನೇ ಅರ್ಧವನ್ನೂ ಪರೀಕ್ಷಿಸಬೇಕು. ಆ ಕಾಲದಲ್ಲಿ ನಿಜವಾಗಿ ಹೇಗಿತ್ತು?

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಕಾಲದ ದೂರಕ್ಕೂ ಸಲ್ಲುತ್ತದೆ. 1958ರ ಪೋರ್ಚುಗಲ್ ರೇಸಿನಲ್ಲಿ ಸ್ಟರ್ಲಿಂಗ್ ಮಾಸ್ ಗೆದ್ದದ್ದು ಐದು ನಿಮಿಷಕ್ಕೂ ಹೆಚ್ಚಿನ ಅಂತರದಿಂದ. ಅಂದರೆ ಗೆದ್ದವನು ಇಳಿದು, ಮುಖ ತೊಳೆದು, ಒಂದು ಕಾಫಿ ಕುಡಿದ ಮೇಲೆ ಎರಡನೆಯವನು ಬಂದಂತೆ. 1969ರ ಸ್ಪೇನ್ ರೇಸಿನಲ್ಲಿ ಜಾಕಿ ಸ್ಟುವರ್ಟ್ ಎರಡನೆಯವನಿಗಿಂತ ಪೂರ್ತಿ ಎರಡು ಸುತ್ತು ಮುಂದಿದ್ದ. ಇದು ಬಹಳ ಹಿಂದಿನ ಮಾತಾಯಿತೆನ್ನುವವರಿಗೆ 1995ರ ಆಸ್ಟ್ರೇಲಿಯಾ ರೇಸು ಇದೆ. ಅಲ್ಲಿಯೂ ಡೇಮನ್ ಹಿಲ್ ಎರಡು ಸುತ್ತಿನ ಅಂತರದಿಂದಲೇ ಗೆದ್ದ. 1988ರಲ್ಲಿ ಮ್ಯಾಕ್‌ಲಾರೆನ್ ತಂಡ 16ರಲ್ಲಿ 15 ರೇಸು ಗೆದ್ದಿತು. ಇಂದು ವರ್ಸ್ಟಾಪೆನ್ ಗೆದ್ದರೆ ಬೇಸರ ಎನ್ನುವವರೇ ಆ ವರ್ಷವನ್ನು ಸುವರ್ಣಯುಗ ಎಂದು ಕೊಂಡಾಡುತ್ತಾರೆ. ಅದೇ ತಂಡದೊಳಗೆ ಸೆನ್ನಾ ಮತ್ತು ಅಲೆನ್ ಪ್ರಾಸ್ಟ್ ಎಂಬ ಇಬ್ಬರು ಸಮಬಲರು ಕಾದಾಡುತ್ತಿದ್ದರು ಎಂಬುದು ಅದಕ್ಕೆ ಕಾರಣ. ಸೆನ್ನಾ ಎಂಟು ಗೆದ್ದರೆ ಪ್ರಾಸ್ಟ್ ಏಳು ಗೆದ್ದ.

ನೆನಪು ಎಂಬುದು ಒಳ್ಳೆಯ ಅಡುಗೆಯವನಂತೆ. ಕಲ್ಲು, ಹೊಟ್ಟು ಆರಿಸಿ ತೆಗೆದು ಅನ್ನವನ್ನಷ್ಟೇ ಬಡಿಸುತ್ತದೆ. 1971ರ ಇಟಲಿ ರೇಸಿನಲ್ಲಿ ಪೀಟರ್ ಗೆಥಿನ್ ಒಂದು ಸೆಕೆಂಡಿನ ನೂರನೇ ಒಂದು ಭಾಗದಿಂದ ಗೆದ್ದದ್ದು, ಮೊದಲ ಐದು ಕಾರುಗಳು ಒಂದು ಸೆಕೆಂಡಿನೊಳಗೆ ಗುರಿ ದಾಟಿದ್ದು ಎಲ್ಲರಿಗೂ ನೆನಪಿದೆ. 1979ರಲ್ಲಿ ಫ್ರಾನ್ಸಿನ ಡಿಜಾನ್‌ನಲ್ಲಿ ಗಿಲ್ ವಿಲ್ನೇವ್ ಮತ್ತು ರೆನೆ ಆರ್ನೂ ಚಕ್ರಕ್ಕೆ ಚಕ್ರ ತಾಗಿಸುತ್ತ ಮಾಡಿದ ಹೋರಾಟದ ತುಣುಕನ್ನು ಜನ ಇಂದಿಗೂ ನೋಡುತ್ತಾರೆ. ಅದು ಎರಡನೇ ಸ್ಥಾನಕ್ಕಾಗಿ ನಡೆದ ಹೋರಾಟ. ರೇಸು ಗೆದ್ದವನು ಜಾನ್ ಪಿಯೆರ್ ಜಬೂಯಿ ಎಂಬುದು ಎಷ್ಟು ಜನಕ್ಕೆ ಗೊತ್ತು? ಹಿಂದಿನ ಹತ್ತು ವರ್ಷಗಳ ಐದು ರೋಚಕ ನಿಮಿಷಗಳನ್ನು ಈ ಭಾನುವಾರದ ಪೂರ್ತಿ ಒಂದೂವರೆ ಗಂಟೆಯೊಂದಿಗೆ ತಕ್ಕಡಿಯಲ್ಲಿಟ್ಟರೆ ಈ ಭಾನುವಾರ ಸೋಲಲೇಬೇಕು. ಅದು ನ್ಯಾಯವಾದ ತೂಕವಲ್ಲ.

ಹಳೆಯ ರೇಸುಗಳ ರೋಚಕತೆಯಲ್ಲಿ ಇನ್ನೊಂದು ಅಂಶವೂ ಬೆರೆತಿತ್ತು. ಅದನ್ನು ಬಾಯಿಬಿಟ್ಟು ಹೇಳಲು ಯಾರೂ ಇಷ್ಟಪಡುವುದಿಲ್ಲ. ಅದು ಸಾವಿನ ಭಯ.

1973ರ ಜುಲೈ 29ರಂದು ಹಾಲೆಂಡಿನ ಜಾಂಡ್‌ವೂರ್ಟ್‌ನಲ್ಲಿ ರೋಜರ್ ವಿಲಿಯಮ್‌ಸನ್ ಎಂಬ ತರುಣನ ಕಾರು ಮಗುಚಿ ಬಿದ್ದು ಹೊತ್ತಿಕೊಂಡಿತು. ಅದು ಅವನ ಎರಡನೇ ರೇಸು. ಅಲ್ಲಿದ್ದ ಸಿಬ್ಬಂದಿಗೆ ಬೆಂಕಿ ತಡೆಯುವ ಉಡುಪಿರಲಿಲ್ಲ. ಡೇವಿಡ್ ಪರ್ಲಿ ಎಂಬ ಇನ್ನೊಬ್ಬ ಚಾಲಕ ತನ್ನ ಕಾರು ನಿಲ್ಲಿಸಿ, ಓಡಿಬಂದು, ಒಬ್ಬನೇ ಆ ಉರಿಯುವ ಕಾರನ್ನು ಎತ್ತಿ ನಿಲ್ಲಿಸಲು ಹೆಣಗಿದ. ಆಗಲಿಲ್ಲ. ಪಕ್ಕದಲ್ಲೇ ಉಳಿದ ಕಾರುಗಳು ಸುತ್ತುತ್ತಲೇ ಇದ್ದವು. ನಿಂತವನೇ ಅಪಘಾತಕ್ಕೆ ಸಿಕ್ಕಿ ಪಾರಾದ ಚಾಲಕನೆಂದು ಅನೇಕರು ತಿಳಿದಿದ್ದರು. ರೇಸು ನಿಲ್ಲಲಿಲ್ಲ, ವಿಲಿಯಮ್‌ಸನ್ ಉಳಿಯಲಿಲ್ಲ. ಪರ್ಲಿಗೆ ಬ್ರಿಟನ್ ಸರ್ಕಾರ ಶೌರ್ಯಕ್ಕಾಗಿ ಜಾರ್ಜ್ ಪದಕ ಕೊಟ್ಟಿತು. ಆ ಮಧ್ಯಾಹ್ನ ಅಲ್ಲಿ ರೋಮಾಂಚನ ಇತ್ತೆಂದು ಹೇಳುವ ಧೈರ್ಯ ಯಾರಿಗಿದೆ?

ಮೂರು ವರ್ಷಗಳ ಬಳಿಕ, 1976ರ ಆಗಸ್ಟ್ 1ರಂದು, ಜರ್ಮನಿಯ ನೂರ್‌ಬರ್ಗ್‌ರಿಂಗ್‌ನಲ್ಲಿ ನಿಕಿ ಲೌಡಾ ಸುಟ್ಟು ಸಾವಿನಂಚಿಗೆ ಹೋದ. ಆರು ವಾರಗಳಲ್ಲಿ ಬ್ಯಾಂಡೇಜು ಸುತ್ತಿಕೊಂಡೇ ಇಟಲಿಯಲ್ಲಿ ಓಡಿಸಿ ನಾಲ್ಕನೆಯವನಾದ. ಎಲ್ಲರೂ ಕೊಂಡಾಡುವುದು ಈ ಭಾಗವನ್ನು. ಅದೇ ವರ್ಷದ ಕೊನೆಯ ರೇಸು ಜಪಾನಿನಲ್ಲಿ. ಜಡಿಮಳೆ. ಚಾಂಪಿಯನ್ ಪಟ್ಟ ಕೈಗೆಟುಕುವಷ್ಟು ಹತ್ತಿರವಿದ್ದರೂ ಲೌಡಾ ಎರಡು ಸುತ್ತು ಹೋಗಿ, ಈ ಮಳೆಯಲ್ಲಿ ಓಡಿಸುವುದು ಹುಚ್ಚುತನವೆಂದು ಕಾರು ನಿಲ್ಲಿಸಿ ಇಳಿದುಬಿಟ್ಟ. ಜೇಮ್ಸ್ ಹಂಟ್ ಒಂದೇ ಒಂದು ಅಂಕದಿಂದ ಚಾಂಪಿಯನ್ ಆದ. ಕಾರಿನಿಂದ ಇಳಿಯಲು ಬೇಕಾದ ಧೈರ್ಯ ಹತ್ತಲು ಬೇಕಾದದ್ದಕ್ಕಿಂತ ಕಡಿಮೆಯೇನಲ್ಲ ಎಂಬುದನ್ನು ಮಕ್ಕಳಿಗೆ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ರಸ್ತೆಬದಿಗೆ ತಡೆಗೋಡೆ ಬೇಕು, ವೈದ್ಯರು ಬೇಕು, ಬೆಂಕಿ ಆರಿಸುವವರು ಬೇಕು ಎಂದು 1960ರ ದಶಕದ ಕೊನೆಯಲ್ಲಿ ಹೋರಾಟಕ್ಕಿಳಿದವನು ಜಾಕಿ ಸ್ಟುವರ್ಟ್. 1966ರಲ್ಲಿ ಬೆಲ್ಜಿಯಂನಲ್ಲಿ ಕಾರು ಅಪ್ಪಚ್ಚಿಯಾಗಿ, ಮೈಮೇಲೆ ಪೆಟ್ರೋಲು ಸುರಿಯುತ್ತಿದ್ದರೂ ಬಿಡಿಸುವವರಿಲ್ಲದೆ ಸಿಕ್ಕಿಬಿದ್ದಿದ್ದ ಅನುಭವ ಅವನದು. ರೇಸಿನ ರೋಚಕತೆಯನ್ನೇ ಕೊಲ್ಲುತ್ತಿದ್ದಾನೆಂದು ಆಗ ಅವನನ್ನು ಹಳಿದವರು ಕಡಿಮೆಯಿರಲಿಲ್ಲ. 1994ರ ಮೇ 1ರಂದು ಇಟಲಿಯ ಇಮೋಲಾದಲ್ಲಿ ಸೆನ್ನಾ ತೀರಿಕೊಂಡ. ಹಿಂದಿನ ದಿನವಷ್ಟೇ ಅಲ್ಲಿ ರೋಲಂಡ್ ರಾಟ್ಜೆನ್‌ಬರ್ಗರ್ ಜೀವ ಬಿಟ್ಟಿದ್ದ. ಆಮೇಲೆ ಸುರಕ್ಷತೆಯ ಕೆಲಸ ನಿಲ್ಲಲಿಲ್ಲ. 2018ರಲ್ಲಿ ಚಾಲಕನ ತಲೆಯ ಸುತ್ತ ‘ಹೇಲೋ’ ಎಂಬ ಟೈಟೇನಿಯಂ ಕಮಾನನ್ನು ಕಡ್ಡಾಯ ಮಾಡಿದಾಗ, ಕಾರಿನ ಅಂದ ಕೆಟ್ಟಿತೆಂದು ಗೊಣಗಿದವರು ಹಲವರು. ಚಾಲಕ ರೊಮೇನ್ ಗ್ರೋಜಾನ್ ಕೂಡ ಅದನ್ನು ವಿರೋಧಿಸಿದ್ದ. 2020ರ ನವೆಂಬರ್ 29ರಂದು ಬಹರೇನಿನಲ್ಲಿ ಅವನ ಕಾರೇ ತಡೆಗೋಡೆಯನ್ನು ಸೀಳಿಕೊಂಡು ಎರಡು ತುಂಡಾಗಿ ಬೆಂಕಿಯ ಉಂಡೆಯಾಯಿತು. ಸುಮಾರು 28 ಸೆಕೆಂಡು ಆ ಬೆಂಕಿಯೊಳಗಿದ್ದು, ಕೈ ಸುಟ್ಟುಕೊಂಡು, ಅವನು ಎದ್ದು ಹೊರಬಂದ. ತಲೆಯನ್ನು ಕಾಪಾಡಿದ್ದು ಅದೇ ಕಮಾನು. ಅದಿಲ್ಲದಿದ್ದರೆ ಮಾತನಾಡಲು ತಾನೇ ಇರುತ್ತಿರಲಿಲ್ಲ ಎಂದು ಅವನೇ ಬಳಿಕ ಒಪ್ಪಿಕೊಂಡ.

ಹೀಗಾಗಿ, ಹಿಂದಿನ ರೋಚಕತೆಯ ಲೆಕ್ಕದಿಂದ ಜೀವಭಯದ ಪಾಲನ್ನು ಮೊದಲು ಕಳೆಯಬೇಕು. ಯಾರದೋ ಮನೆಯ ಮಗ ಸಂಜೆ ವಾಪಸು ಬರುತ್ತಾನೋ ಇಲ್ಲವೋ ಎಂಬ ಅನಿಶ್ಚಯವನ್ನು ಸೋಫಾ ಮೇಲೆ ಕೂತು ಸವಿಯುವುದು ಆಟವಲ್ಲ. ಸುರಕ್ಷತೆಯಿಂದ ಸ್ವಾರಸ್ಯ ಕೊಂಚ ಕಡಿಮೆಯಾಗಿದ್ದರೆ ಆ ಬೆಲೆ ತೆರುವುದೇ ಸರಿ.

ಅದನ್ನು ಕಳೆದ ಮೇಲೆ ಉಳಿಯುವ ಸ್ವಾರಸ್ಯ ಯಾವುದು? ಒಬ್ಬನನ್ನೊಬ್ಬ ಹಿಂದಿಕ್ಕುವುದು ಎಂಬುದು ಸಾಮಾನ್ಯ ಉತ್ತರ. ಫಾರ್ಮುಲಾ ಒನ್ ಆಡಳಿತಗಾರರೂ ಹಾಗೆಯೇ ಎಣಿಸಿದರು. 2011ರಿಂದ 2025ರವರೆಗೆ ‘ಡಿಆರ್‌ಎಸ್’ ಎಂಬ ಉಪಾಯ ಜಾರಿಯಲ್ಲಿತ್ತು. ಮುಂದಿನ ಕಾರಿಗೆ ಒಂದು ಸೆಕೆಂಡಿನೊಳಗೆ ಬಂದವನು ನಿಗದಿತ ನೇರ ರಸ್ತೆಯಲ್ಲಿ ತನ್ನ ಹಿಂದಿನ ರೆಕ್ಕೆಯ ಪಟ್ಟಿಯನ್ನು ತೆರೆಯಬಹುದು. ಗಾಳಿಯ ತಡೆ ತಗ್ಗಿ ವೇಗ ಹೆಚ್ಚುತ್ತದೆ. ಮುಂದಿದ್ದವನಿಗೆ ಆ ಸೌಲಭ್ಯವಿಲ್ಲ. ಹಿಂದಿಕ್ಕುವ ಸಂಖ್ಯೆಯೇನೋ ಏರಿತು. ಆದರೆ ಹೆದ್ದಾರಿಯಲ್ಲಿ ಎತ್ತಿನ ಗಾಡಿಯನ್ನು ಬಸ್ಸು ದಾಟಿ ಹೋದಂತೆ ಒಬ್ಬ ಇನ್ನೊಬ್ಬನನ್ನು ದಾಟಿಹೋದರೆ ಯಾರ ಎದೆ ಬಡಿದುಕೊಳ್ಳುತ್ತದೆ?

ಇದಕ್ಕೆ ತದ್ವಿರುದ್ಧವಾದದ್ದು 1992ರ ಮೊನಾಕೊ. ಆ ವರ್ಷದ ಮೊದಲ ಐದು ರೇಸನ್ನೂ ಗೆದ್ದಿದ್ದ ನೈಜೆಲ್ ಮ್ಯಾನ್ಸೆಲ್ ಅಲ್ಲಿಯೂ ಮುಂದಿದ್ದ. ಕೊನೆಗೆ ಏಳೆಂಟು ಸುತ್ತು ಉಳಿದಿರುವಾಗ ಚಕ್ರದ ತೊಂದರೆಯಿಂದ ಪಿಟ್‌ಗೆ ಬರಬೇಕಾಯಿತು. ಅಷ್ಟರಲ್ಲಿ ಸೆನ್ನಾ ಮುಂದೆ ಹೋದ. ಹೊಸ ಟೈರಿನ, ಹೆಚ್ಚು ವೇಗದ ಕಾರಿನಲ್ಲಿ ಮ್ಯಾನ್ಸೆಲ್ ಅವನ ಬೆನ್ನಿಗೆ ಬಿದ್ದ. ಎಡದಿಂದ ಇಣುಕಿದ, ಬಲದಿಂದ ಇಣುಕಿದ. ಸೆನ್ನಾ ದಾರಿ ಬಿಡಲಿಲ್ಲ. ಕಾಲು ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಗೆದ್ದ. ಆ ಕೊನೆಯ ಸುತ್ತುಗಳಲ್ಲಿ ಒಬ್ಬರನ್ನೊಬ್ಬರು ಹಿಂದಿಕ್ಕಿದ ಸಂಖ್ಯೆ ಸೊನ್ನೆ. ಆದರೂ ಅಪ್ಪನ ಪೀಳಿಗೆ ಮರೆಯದ ರೇಸು ಅದು. ಹಾಗಾದರೆ ಸ್ವಾರಸ್ಯ ಇರುವುದು ಹಿಂದಿಕ್ಕುವುದರಲ್ಲಲ್ಲ, ‘ಈಗ ಹಿಂದಿಕ್ಕಬಹುದು’ ಎಂಬ ಆತಂಕದಲ್ಲಿ.

ಮಗಳ ಮಾತಿಗೆ ಬೆಲೆ ಬರುವುದು ಇಲ್ಲಿ. 2023ರಲ್ಲಿ ರೆಡ್‌ಬುಲ್ ಸೋತ ಒಂದೇ ಒಂದು ರೇಸು ಸಿಂಗಪುರದ್ದು. ಅಲ್ಲಿ ಫೆರಾರಿಯ ಕಾರ್ಲೋಸ್ ಸೈನ್ಜ್ ಮುಂದಿದ್ದ. ಅವನ ಬೆನ್ನಿಗೆ ಮ್ಯಾಕ್‌ಲಾರೆನ್‌ನ ಲ್ಯಾಂಡೊ ನಾರಿಸ್. ಅವರ ಹಿಂದಿನಿಂದ ಹೊಸ ಟೈರು ಹಾಕಿಸಿಕೊಂಡ ಮರ್ಸಿಡಿಸ್‌ನ ಇಬ್ಬರು, ಜಾರ್ಜ್ ರಸೆಲ್ ಮತ್ತು ಲೂಯಿಸ್ ಹ್ಯಾಮಿಲ್ಟನ್, ಹದ್ದುಗಳಂತೆ ಎರಗುತ್ತಿದ್ದರು. ಸೈನ್ಜ್ ಮಾಡಿದ್ದೇನು? ವೇಗ ಹೆಚ್ಚಿಸಿ ಓಡಿಹೋಗಲಿಲ್ಲ. ಬೇಕೆಂದೇ ನಿಧಾನಿಸಿ ನಾರಿಸ್‌ನನ್ನು ಒಂದು ಸೆಕೆಂಡಿನೊಳಗೆ ಇಟ್ಟುಕೊಂಡ. ಅದರಿಂದ ನಾರಿಸ್‌ಗೆ ಡಿಆರ್‌ಎಸ್ ಸಿಕ್ಕಿತು. ಆ ವೇಗದಿಂದ ಅವನು ಮರ್ಸಿಡಿಸ್‌ಗಳನ್ನು ತಡೆದು ನಿಲ್ಲಿಸಿದ. ತನ್ನ ಎದುರಾಳಿಯನ್ನೇ ತನ್ನ ಕೋಟೆಯ ಬಾಗಿಲಾಗಿ ಮಾಡಿಕೊಂಡ ಚಾಣಾಕ್ಷತನ ಅದು. ಒತ್ತಡ ತಾಳದೆ ರಸೆಲ್ ಕೊನೆಯ ಸುತ್ತಿನಲ್ಲಿ ಗೋಡೆಗೆ ತಾಗಿ ಹೊರಬಿದ್ದ. ಸೈನ್ಜ್ ಗೆದ್ದದ್ದು ಒಂದು ಸೆಕೆಂಡಿಗೂ ಕಡಿಮೆ ಅಂತರದಿಂದ.

ಇದನ್ನು ಬರಿಗಣ್ಣಿನಿಂದ ನೋಡಿದವನಿಗೆ ಕಂಡದ್ದು ನಾಲ್ಕು ಕಾರು ಸಾಲಾಗಿ ಹೋದದ್ದು: ಮೆರವಣಿಗೆ. ಪರದೆಯ ಅಂಚಿನಲ್ಲಿ ಬದಲಾಗುವ ಸೆಕೆಂಡಿನ ಅಂಕಿಗಳನ್ನು ಓದಬಲ್ಲವನಿಗೆ ಕಂಡದ್ದು ಚದುರಂಗ. ಕರ್ನಾಟಕ ಸಂಗೀತದ ಕಛೇರಿಯಲ್ಲಿ ತಾಳ ಬಲ್ಲವರು ಕೈಯಲ್ಲಿ ಲೆಕ್ಕ ಹಾಕುತ್ತ ಮುಕ್ತಾಯ ಎಲ್ಲಿ ಬಂದು ಕೂರುತ್ತದೆಂದು ಕಾಯುತ್ತಾರಲ್ಲ, ಅಂಥ ಸುಖ ಅದು. ತಾಳ ತಿಳಿಯದವನಿಗೆ ಅದೇ ಕಛೇರಿ ಉದ್ದವಾಯಿತೆನಿಸುತ್ತದೆ. ಹಾಗೆಂದು ಕಲಿತವನು ಮಾತ್ರ ನೋಡಬೇಕೆಂದಲ್ಲ. ಸ್ವಲ್ಪ ಕಲಿತರೆ ಕಾಣುವುದು ಹೆಚ್ಚುತ್ತದೆ, ಅಷ್ಟೆ.

ಕಲಿಯಬೇಕಾದದ್ದೂ ಹೆಚ್ಚೇನಿಲ್ಲ. ಟೈರಿನಲ್ಲಿ ಮೆದು, ಗಟ್ಟಿ ಎಂದು ಬಗೆಗಳಿವೆ. ಮೆದುವಾದದ್ದು ವೇಗ ಕೊಡುತ್ತದೆ, ಬೇಗ ಸವೆಯುತ್ತದೆ. ಯಾವಾಗ ಬದಲಿಸಬೇಕೆಂಬುದೇ ಅರ್ಧ ರೇಸು. ಬದಲಿಸುವ ಕೆಲಸ ಎರಡೂವರೆ ಸೆಕೆಂಡಿನಲ್ಲಿ ಮುಗಿಯುತ್ತದೆ. 2023ರಲ್ಲಿ ಕತಾರ್‌ನಲ್ಲಿ ಮ್ಯಾಕ್‌ಲಾರೆನ್ ಸಿಬ್ಬಂದಿ 1.80 ಸೆಕೆಂಡಿನಲ್ಲಿ ನಾಲ್ಕು ಚಕ್ರ ಬದಲಿಸಿ ದಾಖಲೆ ಮಾಡಿದರು. ಒಂದು ನಟ್ಟು ಸಿಕ್ಕಿಕೊಂಡರೆ ಎಲ್ಲವೂ ಹೋಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

2008ರ ಬ್ರೆಜಿಲ್ ರೇಸು ಟೈರಿನ ಲೆಕ್ಕಕ್ಕೆ ಸೊಗಸಾದ ನಿದರ್ಶನ. ತವರಿನ ಜನರೆದುರು ಫೆಲಿಪೆ ಮಾಸಾ ರೇಸು ಗೆದ್ದ. ಹ್ಯಾಮಿಲ್ಟನ್ ಐದನೆಯವನಾಗದಿದ್ದರೆ ಮಾಸಾನೇ ಚಾಂಪಿಯನ್. ಹ್ಯಾಮಿಲ್ಟನ್ ಆರನೆಯವನಾಗಿದ್ದ, ಮಾಸಾನ ಮನೆಯವರು ಕುಣಿದಾಡತೊಡಗಿದ್ದರು. ಆದರೆ ಅವನಿಗಿಂತ ಮುಂದಿದ್ದ ಟೀಮೊ ಗ್ಲಾಕ್ ಮಳೆಗೆ ಟೈರು ಬದಲಿಸದೆ ಒಣ ರಸ್ತೆಯ ಟೈರಿನಲ್ಲೇ ಉಳಿದಿದ್ದ. ಮಳೆ ಜೋರಾದಂತೆ ಅವನ ಕಾರು ಮಂಜಿನ ಮೇಲೆ ನಡೆದಂತಾಯಿತು. ಕೊನೆಯ ಸುತ್ತಿನ ಕೊನೆಯ ತಿರುವುಗಳಲ್ಲಿ ಹ್ಯಾಮಿಲ್ಟನ್ ಅವನನ್ನು ದಾಟಿ ಒಂದು ಅಂಕದಿಂದ ಚಾಂಪಿಯನ್ ಆದ. ಗ್ಲಾಕ್‌ನ ಟೈರು ಯಾವುದೆಂದು ಗಮನಿಸಿದ್ದವರು ಮಾಸಾನ ಮನೆಯವರಿಗಿಂತ ಮೊದಲೇ ಕುರ್ಚಿಯ ತುದಿಗೆ ಬಂದು ಕೂತಿದ್ದರು.

ರೋಚಕವಾದದ್ದೆಲ್ಲ ಒಳ್ಳೆಯದೆಂದೂ ಹೇಳುವಂತಿಲ್ಲ. 2021ರ ಡಿಸೆಂಬರ್ 12ರಂದು ಅಬುಧಾಬಿಯಲ್ಲಿ ಹ್ಯಾಮಿಲ್ಟನ್ ಮತ್ತು ವರ್ಸ್ಟಾಪೆನ್ ಸರಿಸಮ ಅಂಕಗಳೊಡನೆ, ತಲಾ 369.5, ಕೊನೆಯ ರೇಸಿಗೆ ಇಳಿದರು. ಹ್ಯಾಮಿಲ್ಟನ್ ನಿಶ್ಚಿಂತೆಯಿಂದ ಮುಂದಿದ್ದ. ಐದು ಸುತ್ತು ಉಳಿದಿರುವಾಗ ಬೇರೊಂದು ಕಾರು ಅಪಘಾತಕ್ಕೀಡಾಗಿ ಎಲ್ಲರೂ ನಿಧಾನಿಸಬೇಕಾಯಿತು. ನಡುವೆ ಸಿಕ್ಕಿದ್ದ ಹಿಂದುಳಿದ ಕಾರುಗಳಲ್ಲಿ, ಇಬ್ಬರು ಎದುರಾಳಿಗಳ ಮಧ್ಯೆ ಇದ್ದ ಐದನ್ನು ಮಾತ್ರ ದಾಟಿಹೋಗಲು ಬಿಟ್ಟು ಒಂದೇ ಒಂದು ಸುತ್ತಿಗೆ ರೇಸನ್ನು ಮತ್ತೆ ಆರಂಭಿಸಲಾಯಿತು. ಹೊಸ ಟೈರಿನ ವರ್ಸ್ಟಾಪೆನ್ ಹಳೆ ಟೈರಿನ ಹ್ಯಾಮಿಲ್ಟನ್‌ನನ್ನು ದಾಟಿ ಚಾಂಪಿಯನ್ ಆದ. ಜಗತ್ತೇ ಉಸಿರು ಬಿಗಿಹಿಡಿದು ನೋಡಿದ ಸುತ್ತು ಅದು. ನಿಯಮದ ಪಾಲನೆಯಲ್ಲಿ ಮಾನವ ದೋಷ ಆಗಿತ್ತೆಂದು 2022ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯ ವರದಿಯೇ ಹೇಳಿತು. ಫಲಿತಾಂಶ ಬದಲಾಗಲಿಲ್ಲ. ವರ್ಸ್ಟಾಪೆನ್‌ನ ತಪ್ಪೂ ಅದರಲ್ಲಿರಲಿಲ್ಲ. ಆದರೆ ಪರೀಕ್ಷೆಯ ಕೊನೆಯ ಹತ್ತು ನಿಮಿಷದಲ್ಲಿ ನಿಯಮ ಸಡಿಲಿಸಿದರೆ ಏನಾಗುತ್ತದೆಂಬುದು ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಿಲ್ಲ. ನೋಡುವವರ ಖುಷಿಗಾಗಿ ಆಟದ ನಿಯಮ ಬಾಗತೊಡಗಿದರೆ ಅದು ನಾಟಕ. ನಾಟಕ ಕೆಟ್ಟದ್ದಲ್ಲ, ಆದರೆ ಅದಕ್ಕೆ ನಾಟಕವೆಂದೇ ಟಿಕೇಟು ಮಾರಬೇಕು.

ಸ್ವಾರಸ್ಯಕ್ಕೆ ಇನ್ನೂ ಒಂದು ಮೂಲವಿದೆ: ಮಮತೆ. 2005ರಲ್ಲಿ ನಾರಾಯಣ ಕಾರ್ತಿಕೇಯನ್ ಫಾರ್ಮುಲಾ ಒನ್‌ಗೆ ಕಾಲಿಟ್ಟ ಮೊದಲ ಭಾರತೀಯನಾದಾಗ, ಹದಿನೈದನೇ ಸ್ಥಾನಕ್ಕೂ ಇಲ್ಲಿ ಕುತೂಹಲ ಹುಟ್ಟಿತು. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ ತಂಡ 2008ರಿಂದ ಕಣದಲ್ಲಿತ್ತು. 2009ರಲ್ಲಿ ಬೆಲ್ಜಿಯಂನಲ್ಲಿ ಆ ತಂಡದ ಜಿಯಾನ್‌ಕಾರ್ಲೊ ಫಿಸಿಕೆಲ್ಲಾ ಎಲ್ಲರಿಗಿಂತ ಮುಂದಿನ ಸ್ಥಾನದಿಂದ ಹೊರಟು ಎರಡನೆಯವನಾದ. 2018ರಲ್ಲಿ ಹಣದ ಮುಗ್ಗಟ್ಟಿನಿಂದ ತಂಡ ಕೈಬದಲಾಯಿತು. 2011ರಿಂದ 2013ರವರೆಗೆ ಮೂರು ವರ್ಷ ಗ್ರೇಟರ್ ನೊಯ್ಡಾದಲ್ಲಿ ಭಾರತದ ರೇಸು ನಡೆಯಿತು. ಮೂರನ್ನೂ ಗೆದ್ದವನು ಸೆಬಾಸ್ಟಿಯನ್ ವೆಟಲ್. ಬಳಿಕ ಅಲ್ಲಿ ಫಾರ್ಮುಲಾ ಒನ್ ಸದ್ದು ಕೇಳಲಿಲ್ಲ. 2025ರಲ್ಲಿ ಮೊನಾಕೊದ ಅದೇ ಇಕ್ಕಟ್ಟಿನ ಬೀದಿಗಳಲ್ಲಿ, ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ ಟೂ ಸ್ಪ್ರಿಂಟ್ ರೇಸನ್ನು ಬೆಂಗಳೂರಿನ ಕುಶ್ ಮೈನಿ ಗೆದ್ದ. ಅದೂ ಮೆರವಣಿಗೆಯಂತೆಯೇ ಸಾಗಿದ ಓಟವಿರಬಹುದು. ಇಲ್ಲಿ ನೋಡುತ್ತಿದ್ದವರಿಗೆ ಹಾಗೆನ್ನಿಸಲಿಲ್ಲ.

ಮಮತೆಗೆ ಊರು-ದೇಶವೇ ಬೇಕೆಂದಿಲ್ಲ. 2025ರ ಜುಲೈಯಲ್ಲಿ ಇಂಗ್ಲೆಂಡಿನ ಸಿಲ್ವರ್‌ಸ್ಟನ್‌ನಲ್ಲಿ ಜರ್ಮನಿಯ ನೀಕೊ ಹುಲ್ಕೆನ್‌ಬರ್ಗ್ 19ನೇ ಸ್ಥಾನದಿಂದ ಹೊರಟು, ಮಳೆ-ಬಿಸಿಲಿನ ನಡುವೆ ಟೈರುಗಳನ್ನು ಸರಿಯಾದ ಹೊತ್ತಿಗೆ ಬದಲಿಸುತ್ತ, ಮೂರನೆಯವನಾಗಿ ಬಂದ. ಅದು ಅವನ 239ನೇ ರೇಸು. ಅಲ್ಲಿಯವರೆಗೆ ಒಮ್ಮೆಯೂ ಮೊದಲ ಮೂವರಲ್ಲಿ ನಿಂತಿರಲಿಲ್ಲ. ಗೆದ್ದವನು ನಾರಿಸ್, ಆದರೆ ಬಹಳಷ್ಟು ಕಣ್ಣುಗಳು ಒದ್ದೆಯಾದದ್ದು ಮೂರನೆಯವನನ್ನು ಕಂಡು. ಒಂದು ಅಂಕದಿಂದ ರ‍್ಯಾಂಕು ತಪ್ಪಿಸಿಕೊಂಡು ಮುಖ ಸಣ್ಣ ಮಾಡಿಕೊಂಡ ಮಗುವಿಗೆ ಈ ಒಂದು ರೇಸನ್ನು ತೋರಿಸಿದರೆ ಯಾವ ಉಪದೇಶವೂ ಬೇಕಾಗಲಾರದು.

2025ರ ಚಾಂಪಿಯನ್ ಯಾರೆಂಬುದು ತೀರ್ಮಾನವಾದದ್ದೂ ಕೊನೆಯ ರೇಸಿನಲ್ಲಿ. ಮೂವರು ಸ್ಪರ್ಧೆಯಲ್ಲಿದ್ದರು. ರೇಸು ಗೆದ್ದವನು ವರ್ಸ್ಟಾಪೆನ್. ಮೂರನೆಯವನಾಗಿ ಬಂದು ಎರಡೇ ಅಂಕದಿಂದ ಚಾಂಪಿಯನ್ ಆದವನು ನಾರಿಸ್. ಎರಡು ವರ್ಷದ ಹಿಂದೆ ಒಬ್ಬನೇ 19 ಗೆದ್ದ ಕಾಲ ಇನ್ನು ಮುಗಿಯುವುದೇ ಇಲ್ಲ ಎಂದವರು ಸುಮ್ಮನಾಗಬೇಕಾಯಿತು. 2026ರಿಂದ ನಿಯಮಗಳು ಮತ್ತೆ ಬದಲಾಗಿವೆ. ಡಿಆರ್‌ಎಸ್ ಹೋಯಿತು. ಕಾರಿನ ಅಗಲ ಹತ್ತು ಸೆಂಟಿಮೀಟರು ತಗ್ಗಿತು, ಕನಿಷ್ಠ ತೂಕ ಸುಮಾರು ಮೂವತ್ತು ಕಿಲೊ ಇಳಿಯಿತು, ಎಂಜಿನ್ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ವಿದ್ಯುತ್ತಿನದಾಯಿತು. ಇಂಥ ದೊಡ್ಡ ಬದಲಾವಣೆಯ ಗುಣದೋಷ ತೀರ್ಮಾನಿಸಲು ಒಂದೆರಡು ರೇಸು ಸಾಲದು. 2022ರ ನಿಯಮಗಳೇ 2023ರಲ್ಲಿ ಬೇಸರ ತಂದವು, 2024ರಲ್ಲಿ ಏಳು ಬೇರೆ ಬೇರೆ ವಿಜೇತರನ್ನೂ ಕೊಟ್ಟವು.

ಹಾಗಾದರೆ ತೀರ್ಪೇನು? ಕಾರು ದಪ್ಪಗಾಯಿತು, ಕದಡಿದ ಗಾಳಿ ಓಟವನ್ನು ಕಟ್ಟಿಹಾಕಿತು ಎಂಬಲ್ಲಿ ಅಪ್ಪ ಹೇಳುವುದು ಸರಿ. ಸ್ವಾರಸ್ಯ ಸತ್ತಿಲ್ಲ, ಕಣ್ಣಿನಿಂದ ಬುದ್ಧಿಗೆ ಸ್ವಲ್ಪ ಜಾಗ ಬದಲಿಸಿದೆ ಎಂಬಲ್ಲಿ ಮಗಳು ಹೇಳುವುದು ಸರಿ. ಅಪ್ಪ 1992ರ ಮೊನಾಕೊದ ಕತೆ ಹೇಳಿದರೆ, ಮಗಳು ಸೆಕೆಂಡಿನ ಅಂಕಿ ಓದುವುದನ್ನು ಹೇಳಿಕೊಟ್ಟರೆ ಇಬ್ಬರಿಗೂ ನಷ್ಟವಿಲ್ಲ. ಪುಸ್ತಕ ಮಡಚಿಟ್ಟು ಬಂದ ಒಂದೂವರೆ ಗಂಟೆಯೂ ವ್ಯರ್ಥವಾಗುವುದಿಲ್ಲ. ಬೇಸರದ ರೇಸು ಬಂದರೆ ಟಿ.ವಿ. ಆರಿಸಿ ಊಟಕ್ಕೇಳುವ ಸ್ವಾತಂತ್ರ್ಯ ಇದ್ದೇ ಇದೆ.

ರೇಸಿನ ಆರಂಭದಲ್ಲಿ ಐದು ಕೆಂಪು ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತವೆ. ಐದೂ ಹೊತ್ತಿದ ಮೇಲೆ ಕೆಲವು ಕ್ಷಣದ ಮೌನ. ಅದು ಎಷ್ಟು ಹೊತ್ತೆಂದು ಯಾವ ಚಾಲಕನಿಗೂ ಮೊದಲೇ ತಿಳಿದಿರುವುದಿಲ್ಲ. ಹಳೆಯ ರೇಸುಗಳ ಫಲಿತಾಂಶವೆಲ್ಲ ಈಗ ಎಲ್ಲರಿಗೂ ಗೊತ್ತು. ಮುಂದಿನ ಭಾನುವಾರದ್ದು ದೀಪ ಆರುವವರೆಗೆ ಯಾರಿಗೂ ಗೊತ್ತಿಲ್ಲ. ಆ ಒಂದು ವಿಷಯದಲ್ಲಿ ಮುಂದಿನ ರೇಸು ಹಿಂದಿನ ಎಲ್ಲ ರೇಸುಗಳಿಗಿಂತ ಮುಂದಿದೆ.